ಒಂದು ಗಂಟೆಯ ನೀರು

"ಬಂತು, ಬಂತು!" ಎಂದು ಹಲ್ಲಿನ ಡಾಕ್ಟರು ಚಿಕ್ಕ ಮಕ್ಕಳ ಹಾಗೆ ಕೂಗಿಕೊಂಡರು. ಅವರಿಗೆ ಫೋಟೋ ಪ್ರಿಂಟು ಮಾಡುವುದನ್ನು ಕಲಿಸುತ್ತಿದ್ದ ಅವನು ಡೆವಲಪರ್ ತುಂಬಿದ ಟ್ರೇಯನ್ನು ಒಂದು ತುದಿಯಿಂದ ಮೆಲ್ಲಗೆ ಎತ್ತುತ್ತ ಇಳಿಸುತ್ತ ನಿಂತಿದ್ದ. ಕೆಂಪು ದೀಪದ ಕೆಳಗೆ, ಏನೂ ಇಲ್ಲದ ಕಾಗದದ ಮೇಲೆ ಮೊದಲು ಒಂದು ಹುಬ್ಬು, ಆಮೇಲೆ ಕಣ್ಣು, ಆಮೇಲೆ ನಗು ತಡೆದುಕೊಂಡ ತುಟಿ ಒಂದೊಂದಾಗಿ ಎದ್ದು ಬರುತ್ತಿದ್ದವು. ಅದು ಡಾಕ್ಟರ ಹೆಂಡತಿಯ ಮುಖ. ವಾರವಿಡೀ ಕಂಡವರ ಬಾಯಲ್ಲಿ ಕಣ್ಣಿಟ್ಟು, ಪರದೆಯ ಮೇಲೆ ದವಡೆಗಳನ್ನು ನೋಡಿ ನೋಡಿ ಬೇಸತ್ತ ಈ ಮನುಷ್ಯ ಭಾನುವಾರ ಒಂಬತ್ತಕ್ಕೆಲ್ಲ ಬಂದು, ಹಿಂದೆ ಬಚ್ಚಲಾಗಿದ್ದ ಈ ಇಕ್ಕಟ್ಟು ಕೋಣೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಮಧ್ಯಾಹ್ನದವರೆಗೂ ನಿಲ್ಲುತ್ತಿದ್ದರು. "ಫೋನಲ್ಲಿ ದಿನಕ್ಕೆ ನೂರು ಫೋಟೋ ತೆಗೀತೀನಿ ಕಣ್ರೀ, ಒಂದನ್ನೂ ತಿರುಗಿ ನೋಡಲ್ಲ. ಇದು ನೋಡಿ, ಬರೋಕೆ ಮುಂಚೆ ಎಷ್ಟು ಕಾಯಿಸ್ತಾಳೆ! ಮನೇಲೂ ಹಾಗೇ, ಹೊರಡು ಅಂದ್ರೆ ಮುಕ್ಕಾಲು ಗಂಟೆ." ಅವನಿಗೂ ನಗು ಬಂತು. ನಲವತ್ತು ವರ್ಷಗಳಲ್ಲಿ ಎಷ್ಟು ಸಾವಿರ ಮುಖಗಳು ಈ ಟ್ರೇಗಳಲ್ಲಿ ಎದ್ದು ಬಂದಿದ್ದವೋ, ಆದರೂ ಆ ಮೊದಲ ಹುಬ್ಬು ಕಾಣಿಸಿಕೊಳ್ಳುವಾಗ ಇವತ್ತಿಗೂ ಉಸಿರು ಅರೆಕ್ಷಣ ನಿಲ್ಲುತ್ತದೆ. ಅದನ್ನು ಅವನು ಯಾರಿಗೂ ಹೇಳುವುದಿಲ್ಲ. ಹೇಳಿದರೆ ಡಾಕ್ಟರು ಅದನ್ನೇ ಹಿಡಿದುಕೊಂಡು ಇನ್ನರ್ಧ ಗಂಟೆ ಮಾತಾಡುತ್ತಾರೆ.

"ಈಗ ಹೈಪೋ. ಅದಾದ ಮೇಲೆ ಹರಿಯೋ ನೀರಲ್ಲಿ ಒಂದು ಗಂಟೆ," ಎಂದ. "ಐವತ್ತೊಂಬತ್ತು ನಿಮಿಷಕ್ಕೆ ತೆಗೆದ್ರೆ ಮುಂದಿನ ವಾರ ಈ ಬಾಗಿಲು ತೆಗೆಯಲ್ಲ." ಪ್ರತಿ ವಾರ ಹೇಳುವ ಮಾತೇ. ಡಾಕ್ಟರು ಪ್ರತಿ ವಾರದ ಹಾಗೆ ತಲೆಯಾಡಿಸದೆ ಇವತ್ತು, "ಒಂದು ನಿಮಿಷ ಕಮ್ಮಿಯಾದ್ರೆ ಏನಾಗುತ್ತೆ ಸ್ವಾಮಿ, ಆಕಾಶ ಬಿದ್ದುಹೋಗುತ್ತಾ?" ಎಂದು ಕೇಳಿಬಿಟ್ಟರು. ಚಿತ್ರ ನಿಲ್ಲಿಸಲು ಹಾಕುವ ಹೈಪೋ ಕಾಗದದೊಳಗೆ ಉಳಿದರೆ ಸುಮ್ಮನಿರುವುದಿಲ್ಲ, ಚಿತ್ರದ ಬೆಳ್ಳಿಯನ್ನು ಒಳಗೊಳಗೇ ತಿನ್ನುತ್ತದೆ, ಮೇಲಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಒಂದು ದಿನ ನೋಡಿದರೆ ಮುಖವೇ ಇರುವುದಿಲ್ಲ ಎಂದು ಹೇಳುತ್ತ ಹೋದ ಹಾಗೆ ತನ್ನ ದನಿ ಗಡುಸಾದದ್ದು ಅವನಿಗೇ ಕೇಳಿಸಿತು. "ನಮ್ಮ ಹುಳುಕು ಹಲ್ಲಿನ ಕತೆ ಅನ್ನಿ," ಎಂದರು ಡಾಕ್ಟರು, ಮೆತ್ತಗೆ. ಆಗಲೇ ಹೊರಗಿನಿಂದ ಅವನ ಹೆಂಡತಿಯ ದನಿ: "ರೀ, ನಿಮ್ಮಕ್ಕನ ಫೋನು. ಬಾಗಿಲು ತೆಗೀಲಾ?" "ತೆಗೀಬೇಡ!" ಎಂದು ಒಳಗಿನಿಂದ ಇಬ್ಬರೂ ಒಟ್ಟಿಗೆ ಅರಚಿದರು. ಅವಳು ಬಾಗಿಲಿಗೆ ಬಾಯಿ ಹಚ್ಚಿಯೇ ಹೇಳಿದಳು. ಅಮ್ಮನ ಫೋಟೋಗೆ ಏನೋ ಆಗಿದೆಯಂತೆ. ಇವತ್ತೇ ಬಂದು ನೋಡಬೇಕಂತೆ.

ಬಂತು, ಎಂದುಕೊಂಡ. ಇಪ್ಪತ್ತೇಳು ವರ್ಷ ತಡವಾಗಿ ಬಂತು ಅಷ್ಟೆ. ಡಾಕ್ಟರ ಹೆಂಡತಿಯನ್ನು ನೀರಿಗಿಳಿಸಿ, ಗಡಿಯಾರ ತೋರಿಸಿ, ಅಂಗಿ ಬದಲಾಯಿಸಿ ಹೊರಟ. ಅವನ ಹೆಂಡತಿ ಆಶ್ಚರ್ಯದಿಂದ ನೋಡಿದಳು. ಅಕ್ಕನ ಊರಿಗೆ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಆ ಎರಡು ಗಂಟೆಯನ್ನು ತಪ್ಪಿಸಿಕೊಳ್ಳಲು ಈ ಮನುಷ್ಯ ಮದುವೆಯಾದಾಗಿನಿಂದ ಹೇಳಿದ ಸುಳ್ಳುಗಳನ್ನು ಅವಳು ಎಣಿಸುವುದನ್ನೇ ಬಿಟ್ಟಿದ್ದಳು. ಬೆನ್ನು ನೋವು, ಅರ್ಜೆಂಟ್ ಆರ್ಡರು, ಊರಲ್ಲಿ ಬಸ್ಸು ಮುಷ್ಕರ. ಅಕ್ಕನನ್ನು ಅವರಿವರ ಮದುವೆಯಲ್ಲಿ ನೋಡುತ್ತಿದ್ದ, ತನ್ನ ಮನೆಗೆ ಕರೆದು ನೋಡುತ್ತಿದ್ದ, ಭಾವನಿಗೆ ಆಪರೇಷನ್ ಆದಾಗ ಆಸ್ಪತ್ರೆಗೇ ಹೋಗಿ ಅಲ್ಲಿಂದಲೇ ವಾಪಸಾಗಿದ್ದ. ಒಮ್ಮೆ ಅಕ್ಕನ ಮಗಳು, "ಮಾವ, ಅಜ್ಜಿ ಫೋಟೋನ ಫೋನಲ್ಲಿ ತೆಗೆದು ಕಳಿಸ್ಲಾ?" ಎಂದಾಗ, ಬೇಡ ಬೇಡ, ನನ್ನ ಹತ್ತಿರ ಇದೆಯಲ್ಲ ಎಂದಿದ್ದ. ಇತ್ತು, ನಿಜ. ಬೀರುವಿನ ಮೇಲೆ, ಹಳೆಯ ಕಾಗದದ ಪೊಟ್ಟಣದಲ್ಲಿ, ಗೋಡೆಗೆ ಮುಖ ಮಾಡಿ ಇತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಪಕ್ಕದಲ್ಲೊಬ್ಬ ಹೆಂಗಸು ಎರಡು ಕೋಸುಗಡ್ಡೆಗಳನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದಳು. ಏನು ಹೇಳಬೇಕು? ಹವೆ ಸರಿಯಿಲ್ಲ ಅನ್ನಬಹುದು. ಕಾಗದ ಕೆಟ್ಟದಿತ್ತು ಅನ್ನಬಹುದು, ಕಾಗದ ಮಾಡಿದವರು ಬಂದು ಇಲ್ಲ ಅನ್ನುವುದಿಲ್ಲ. ಥೂ, ಐವತ್ತಾರು ವರ್ಷಕ್ಕೆ ಇದೇನು ಬುದ್ಧಿ ಎಂದು ತನ್ನನ್ನೇ ಬೈದುಕೊಂಡ. ಅಮ್ಮನಿಗೆ ಕ್ಯಾಮರಾ ಕಂಡರಾಗುತ್ತಿರಲಿಲ್ಲ. ಮಗ ಸ್ಟುಡಿಯೋದಲ್ಲಿ ಕತ್ತಲೆ ಕೋಣೆಯ ಕೆಲಸಕ್ಕೆ ಸೇರಿ, ಊರವರ ಮೂತಿಯನ್ನೆಲ್ಲ ದೊಡ್ಡದು ಮಾಡಿ ಕೊಡುತ್ತಿದ್ದರೂ, ಅವಳು ಮಾತ್ರ ಕ್ಯಾಮರಾ ಕಂಡರೆ ಸೆರಗು ಅಡ್ಡ ಹಿಡಿದು ಅಡುಗೆಮನೆಗೆ ಓಡುವವಳು. ಅವಳು ಸ್ಕೂಲಿನಲ್ಲಿ ಹೊಲಿಗೆ ಟೀಚರು. ಅಲ್ಲಿನ ಒಂದು ಗ್ರೂಪ್ ಫೋಟೋದಲ್ಲಿ, ಎರಡನೇ ಸಾಲಿನ ಕೊನೆಯಲ್ಲಿ, ಪಕ್ಕದವಳಿಗೆ ಏನೋ ಹೇಳಲು ಅರ್ಧ ತಿರುಗಿ ನಗುತ್ತ ಸಿಕ್ಕಿಬಿದ್ದಿದ್ದಳು. ಅವಳು ಹೋದ ಮೇಲೆ ಆ ಕಡಲೆಕಾಳಿನಷ್ಟು ಮುಖವನ್ನು ಎನ್‌ಲಾರ್ಜರಿನಲ್ಲಿ ದೊಡ್ಡದು ಮಾಡಿ, ಪಕ್ಕದವಳ ಭುಜದ ಮೇಲೆ ಬೆಳಕು ತಡೆಯಲು ರಟ್ಟಿನ ಚೂರು ಆಡಿಸಿ ಅದನ್ನು ಬೆಳ್ಳಗೆ ಕರಗಿಸಿ, ಎರಡು ಪ್ರಿಂಟ್ ಮಾಡಿದ್ದ. ಅಕ್ಕನಿಗೊಂದು, ತನಗೊಂದು.

ಅವಳು ಹೋದ ದಿನವೂ ಅವನು ಸ್ಟುಡಿಯೋದ ಅದೇ ಕತ್ತಲೆ ಕೋಣೆಯಲ್ಲಿದ್ದ. ಯಾವುದೋ ಕಾರ್ಖಾನೆಯ ವಾರ್ಷಿಕೋತ್ಸವದ ನೂರಿಪ್ಪತ್ತು ಪ್ರಿಂಟುಗಳು. ಸುದ್ದಿ ತಂದ ಪಕ್ಕದ ಮನೆಯವನನ್ನು ಮಾಲೀಕರು ಬಾಗಿಲ ಮೇಲಿನ ಕೆಂಪು ಬಲ್ಬು ತೋರಿಸಿ ಬೆಂಚಿನ ಮೇಲೆ ಕೂರಿಸಿದ್ದರು. ಬಲ್ಬು ಉರಿಯುತ್ತಿರುವಾಗ ಬಾಗಿಲು ತಟ್ಟುವ ಪದ್ಧತಿಯೇ ಇರಲಿಲ್ಲ. ನಲವತ್ತು ನಿಮಿಷ ಅವನು ಒಳಗೆ ಯಾರದೋ ಬಹುಮಾನ ವಿತರಣೆಯನ್ನು ತೊಳೆಯುತ್ತ, ಬಾಯಲ್ಲಿ ಹಾಡು ಗುನುಗುತ್ತ ಇದ್ದ. ಹಾಡು ಗುನುಗುತ್ತ! ಹೊರಬಂದಾಗ ಬೆಂಚಿನ ಮೇಲಿದ್ದವನು ಎದ್ದು ನಿಂತು ಟೋಪಿ ತೆಗೆದದ್ದು, ಮಾಲೀಕರು "ಹೋಗ್ಬಾ, ಉಳಿದದ್ದು ನಾಳೆ ಮಾಡಿದ್ರಾಯ್ತು" ಎಂದದ್ದು, ಆಸ್ಪತ್ರೆಯ ಕಾರಿಡಾರಿನಲ್ಲಿ ನೆಲ ಒರೆಸುತ್ತಿದ್ದವಳು ಒದ್ದೆಯಾಗಿದೆ, ಗೋಡೆ ಪಕ್ಕ ನಡೀರಿ ಎಂದದ್ದು, ಅವನು ವಿಧೇಯನಾಗಿ ಗೋಡೆ ಪಕ್ಕವೇ ನಡೆದದ್ದು. ಕಾರಿಡಾರಿನ ಆ ತುದಿಯಲ್ಲಿ ಅಕ್ಕ ನಿಂತಿದ್ದಳು. ಅವನ ಬೆರಳುಗಳಲ್ಲಿ ಇನ್ನೂ ಹೈಪೋದ ವಾಸನೆಯಿತ್ತು. ಬಸ್ಸು ಜರ್ಕು ಹೊಡೆದು ನಿಂತಿತು, ಒಂದು ಕೋಸುಗಡ್ಡೆ ಉರುಳಿ ಅವನ ಕಾಲ ಬಳಿ ಬಿತ್ತು. ಎತ್ತಿಕೊಟ್ಟ.

ಎರಡು ವಾರದ ಮೇಲೆ ಆ ಎರಡು ಪ್ರಿಂಟ್. ಸ್ಟುಡಿಯೋದ ಹಿಂದೆ ಸಿಮೆಂಟಿನ ತೊಟ್ಟಿ, ಅದಕ್ಕೆ ಸಣ್ಣಗೆ ಬಿಟ್ಟ ನಲ್ಲಿ. ಹತ್ತು ನಿಮಿಷಕ್ಕೇ ಎತ್ತಿ, ಒರೆಸಿ, ಹಲಗೆಗೆ ಸಿಕ್ಕಿಸಿ, ಸೈಕಲ್ ಹತ್ತಿ ಸಿನಿಮಾಕ್ಕೆ ಹೋಗಿದ್ದ. ಐದೂವರೆಯ ಆಟ. ತಾಯಿ ಸತ್ತು ಹದಿನೈದು ದಿನವಾಗಿರಲಿಲ್ಲ, ಮಗ ಬಾಲ್ಕನಿಯಲ್ಲಿ ಕೂತು ಹಾಸ್ಯದ ದೃಶ್ಯಗಳಿಗೆ ಎಲ್ಲರ ಜೊತೆ ಗಹಗಹಿಸಿ ನಕ್ಕ. ಮಾರನೇ ದಿನ ಅಕ್ಕ ಊರಿಗೆ ಹೊರಟಾಗ ಒಂದನ್ನು ಅವಳ ಚೀಲದಲ್ಲಿಟ್ಟ. ತೊಳೆದರಾಯಿತು, ಮುಂದಿನ ವಾರ ಇನ್ನೊಂದು ಮಾಡಿದರಾಯಿತು ಎನ್ನುತ್ತಲೇ ವರ್ಷ ಕಳೆಯಿತು. ಅಷ್ಟರಲ್ಲಿ ಸ್ಟುಡಿಯೋ ಮುಚ್ಚಿತು, ಮಾಲೀಕರು ಹಳೆಯ ನೆಗೆಟಿವ್‌ಗಳನ್ನೆಲ್ಲ, ಆ ಗ್ರೂಪ್ ಫೋಟೋದ್ದೂ ಸೇರಿಸಿ, ಬೆಳ್ಳಿ ತೆಗೆಯುವವರಿಗೆ ಮೂಟೆಗಟ್ಟಲೆ ಕೊಟ್ಟುಬಿಟ್ಟರು. ಎರಡನೇ ವರ್ಷ ಅವನ ಮನೆಯ ಫೋಟೋದಲ್ಲಿ, ಕಿವಿಯ ಹತ್ತಿರ, ಚಹಾ ಚೆಲ್ಲಿದಂಥ ಒಂದು ಕಲೆ ಕಾಣಿಸಿಕೊಂಡಿತು. ದಿನಾ ಬೆಳಿಗ್ಗೆ ಎದ್ದು ಅದನ್ನೇ ನೋಡುತ್ತಿದ್ದ. ಐದನೇ ವರ್ಷಕ್ಕೆ ಕೆನ್ನೆ, ಬಾಯಿ ಹೋದವು. ಕೊನೆಗೆ ಅಮ್ಮನ ಒಂದು ಕಣ್ಣು ಮಾತ್ರ ಉಳಿದು ಅವನನ್ನು ನೋಡತೊಡಗಿದಾಗ ಇಳಿಸಿ ಬೀರುವಿನ ಮೇಲಿಟ್ಟ. ಎರಡೂ ಒಂದೇ ತೊಟ್ಟಿಯಿಂದ ಎದ್ದವು. ಅಲ್ಲಿ, ಅಕ್ಕನ ಗೋಡೆಯ ಮೇಲೂ, ಇದೇ ಆಗುತ್ತಿದೆ. ಅವಳಿಗೆ ಯಾಕೆಂದು ತಿಳಿಯದು. ಪೆದ್ದಿಯ ಹಾಗೆ ದಿನಾ ಅದನ್ನು ಒರೆಸುತ್ತಿರುತ್ತಾಳೆ. ಈ ಒಂದು ಯೋಚನೆ ಅವನನ್ನು ಆ ಊರಿನ ಬಸ್ಸು ಹತ್ತದ ಹಾಗೆ ಇಷ್ಟು ವರ್ಷ ಕಟ್ಟಿಹಾಕಿತ್ತು.

ಬಾಗಿಲು ತೆಗೆದವನು ಭಾವ. ಲುಂಗಿ, ಬನಿಯನ್ನು, ಮೂಗಿನ ಮೇಲೆ ಒಂದು ಹನಿ ಬಿಳೀ ಬಣ್ಣ. "ಅಯ್ಯಯ್ಯೋ, ಹಾಡುಹಗಲಲ್ಲಿ ಗೂಬೆ ಬಂದಿದೆ ನೋಡೇ!" ಎಂದು ಒಳಗೆ ಕೂಗಿದ. ಕತ್ತಲೆ ಕೋಣೆಯ ಕೆಲಸಕ್ಕೆ ಸೇರಿದ ದಿನ ಅಕ್ಕ ಇಟ್ಟ ಹೆಸರು ಅದು, ಮನೆಮಂದಿಯ ಬಾಯಲ್ಲೆಲ್ಲ ಉಳಿದುಬಿಟ್ಟಿತ್ತು. ಮನೆಗೆ ಸುಣ್ಣಬಣ್ಣ ನಡೆದಿತ್ತು. ಮೇಜು ಕುರ್ಚಿ ಎಲ್ಲ ನಡುಮನೆಗೆ ಬಂದು, ಹಳೆಯ ಹೊದಿಕೆ ಹೊದ್ದು ಕೂತಿದ್ದವು. ಗೋಡೆಗಳು ಬರಿದಾಗಿದ್ದವು. ಮೊಳೆಗಳಷ್ಟೇ ಇದ್ದವು. ಯಾವ ಮೊಳೆಯೋ ಎಂದು ಅವನ ಕಣ್ಣು ತಾನಾಗಿ ಹುಡುಕಿತು. ಅಕ್ಕ ಬಂದಳು. ಬಂದವಳು ಯಾಕೋ ನೇರವಾಗಿ ಮುಖ ನೋಡಲಿಲ್ಲ. ಸೊರಗಿದ್ದೀಯ ಅಂದಳು, ಬಸ್ಸು ರಶ್ಶಿತ್ತಾ ಅಂದಳು, ನಿನ್ನ ಹೆಂಡತಿ ಮೊಣಕಾಲು ಹೇಗಿದೆ ಅಂದಳು. ಗೊತ್ತಾಗಿದೆ, ಎಲ್ಲ ಗೊತ್ತಾಗಿದೆ, ಸಿಟ್ಟು ಒಳಗಿಟ್ಟುಕೊಂಡು ಮಾತಾಡುತ್ತಿದ್ದಾಳೆ ಎಂದುಕೊಂಡ. "ಎಲ್ಲಿ ಅಕ್ಕ, ಫೋಟೋ?" ಎಂದ. "ಕಾಫಿ ಕುಡಿ ಮೊದಲು." "ಆಮೇಲೆ ಕುಡೀತೀನಿ." "ಬಂದ ತಕ್ಷಣ ಏನು ಅವಸರ? ಅದೇನು ಓಡಿಹೋಗುತ್ತಾ?" ಎಂದು ಗದರಿ, ಒಳಗೆ ಹೋಗಿ, ಕಾಫಿಯನ್ನೇ ತಂದಳು. ಕುಡಿದ. ನಾಲಿಗೆ ಸುಟ್ಟಿತು. ಭಾವ ಮಾತ್ರ ಬಣ್ಣ ಬಳಿಯುವವನ ಪುರಾಣ ಹೇಳುತ್ತಲೇ ಇದ್ದ. ಆ ಪುಣ್ಯಾತ್ಮ ಏಣಿ ಸರಿಸುವಾಗ ಚೌಕಟ್ಟು ಬೀಳಿಸಿ, ಗಾಜು ಪುಡಿಪುಡಿ ಮಾಡಿ, ಮೇಲೆ ತಾನೇ ಮುನಿಸಿಕೊಂಡು ಮನೆಗೆ ಹೋಗಿದ್ದನಂತೆ.

ಕೊನೆಗೆ ಅಕ್ಕ ಕೋಣೆಯಿಂದ ಒಂದು ತೆಳ್ಳನೆಯ ಗಂಟು ತಂದು ಮೇಜಿನ ಮೇಲಿಟ್ಟಳು. ಬಟ್ಟೆ ಬಿಚ್ಚಿದಾಗ ಕಾಗದದ ಬೆನ್ನು ಕಾಣಿಸಿತು, ಬೆಳ್ಳಗೆ. "ಬೈಬೇಡ," ಎಂದಳು. ಅದು ಅವನು ಹೇಳಬೇಕಾದ ಮಾತು. ಇವಳು ಯಾಕೆ ಹೇಳುತ್ತಿದ್ದಾಳೆ ಎಂದು ಯೋಚಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ. ಎರಡು ಕೈಗಳೂ ಮಂಡಿಗಳ ಮೇಲೆ ಇದ್ದಲ್ಲೇ ಇದ್ದವು. "ನೀನೇ ತಿರುಗಿಸು," ಎಂದ. "ನೀನೇ ನೋಡು." "ಇಲ್ಲ, ನೀನು." "ಏನಿದು ಮಕ್ಕಳ ಆಟ," ಎಂದು ಭಾವ ಮುಂದೆ ಬಗ್ಗಿ, ಹಪ್ಪಳ ಮಗುಚುವವನ ಹಾಗೆ ಅದನ್ನು ಮಗುಚಿಬಿಟ್ಟ.

ಅಮ್ಮ ನಗುತ್ತಿದ್ದಳು. ಕೂದಲು ಕಪ್ಪಗಿತ್ತು. ಕಪ್ಪೆಂದರೆ ಕಪ್ಪು, ಅವನು ಆ ದಿನ ಟ್ರೇಯಿಂದ ಎತ್ತಿದಾಗಿನ ಕಪ್ಪು. ಕೆನ್ನೆಯ ಮೇಲಿನ ಬೂದು, ಮೂಗಿನ ಪಕ್ಕದ ನೆರಳು, ಪಕ್ಕದವಳ ಭುಜ ಕರಗಿದ ಬಿಳಿ, ಹುಬ್ಬಿನ ಒಂದೊಂದು ಎಳೆ, ಎಲ್ಲ ಇತ್ತು. ಒಂದೂ ಹೋಗಿರಲಿಲ್ಲ. ಎಷ್ಟು ಹೊತ್ತು ನೋಡಿದನೋ. ಕಾಗದವನ್ನು ಕಿಟಕಿಯ ಬೆಳಕಿಗೆ ಒಯ್ದ, ಓರೆ ಮಾಡಿದ, ಮೂಗಿಗೆ ಹಿಡಿದು ಮೂಸಿದ. ಹೋದ ಜೀವ ಬಂದ ಹಾಗಾಗಿ, ಮೊದಲು ಹೊಟ್ಟೆಯಲ್ಲಿ, ಆಮೇಲೆ ಗಂಟಲಲ್ಲಿ ಒಂದು ನಗು ಎದ್ದು ತಡೆಯಲಾಗದೆ ಹೊರಬಿತ್ತು. ಕಿಟಕಿಯ ಸರಳು ಹಿಡಿದುಕೊಂಡು ನಕ್ಕ. ಅಕ್ಕನ ಮುಖ ಕೆಂಪಾಯಿತು. "ನಗು, ನಗು. ನನಗೇನು ಗೊತ್ತಿತ್ತು? ಮೂಲೆ ನೋಡಿ ತಾನೇ ನಗ್ತಿರೋದು?" ಎಂದಳು. ಮೂಲೆ? ನೋಡಿದ. ಕೆಳಗಿನ ಬಲಮೂಲೆಯಲ್ಲಿ ಒಂದು ಮಡಿಕೆ, ಅದರ ಪಕ್ಕ ಇಸ್ತ್ರಿಪೆಟ್ಟಿಗೆಯ ಮೂತಿಯಷ್ಟು ಜಾಗ ಹೊಳಪು ಕಳೆದುಕೊಂಡಿತ್ತು. ಇಷ್ಟು ದಿನ ಚೌಕಟ್ಟಿನ ಅಂಚು ಅದನ್ನು ಮುಚ್ಚಿತ್ತು.

"ವಾಸನೆ ಬರ್ತಿತ್ತು ಕಣೋ," ಎಂದು ಅಕ್ಕ ಶುರುಮಾಡಿದಳು, ಪೊಲೀಸರೆದುರು ಒಪ್ಪಿಕೊಳ್ಳುವವಳ ಹಾಗೆ ನೆಲ ನೋಡುತ್ತ. "ನೀನು ಚೀಲದಲ್ಲಿಟ್ಟು ಕೊಟ್ಟೆಯಲ್ಲ, ಮನೆಗೆ ಬಂದು ತೆಗೆದ್ರೆ ಆ ನಿನ್ನ ಔಷಧಿ ವಾಸನೆ. ಅಮ್ಮ ಆಸ್ಪತ್ರೆಲಿ ಮಲಗಿದ್ದ ಹಾಗೇ ಅನ್ನಿಸ್ತು. ತಡ್ಕೊಳ್ಳೋಕಾಗ್ಲಿಲ್ಲ. ಬಕೆಟ್ಟಿನಲ್ಲಿ ನೆನೆಹಾಕಿದೆ." "ಏನು?" "ಬೈಬೇಡ ಅಂದ್ನಲ್ಲ! ನಲ್ಲಿ ನೀರಲ್ಲಿ ಹಾಕಿದೆ. ನಮ್ಮ ನಲ್ಲೀಲಿ ಬರೋದು ಉಪ್ಪುನೀರು. ಬಟ್ಟೆ ಒಗೆದ್ರೆ ನೊರೆನೇ ಬರಲ್ಲ. ಆರೇಳು ಸಲ ನೀರು ಬದಲಾಯಿಸಿದೆ, ವಾಸನೆ ಹೋಗೋ ತನಕ. ಆಮೇಲೆ ಉಪ್ಪು ನಿಂತು ಬಿಳಿ ಕಲೆ ಆದ್ರೆ ಅಂತ ಕುಡಿಯೋ ನೀರಲ್ಲಿ ಎರಡು ಸಲ ಅದ್ದಿ ತೆಗೆದೆ. ಒಣಗಿದ್ರೆ ಸುರುಳಿ ಸುತ್ಕೊಳ್ತು. ಬಟ್ಟೆ ಹಾಸಿ ಇಸ್ತ್ರಿ ಹಾಕಿದೆ, ಮೂಲೆ ಮಡಚಿಹೋಯ್ತು. ಫೋಟೋನ ಯಾರಾದ್ರೂ ನೀರಿಗೆ ಹಾಕ್ತಾರಾ? ನೀನು ಕಷ್ಟಪಟ್ಟು ಮಾಡಿಕೊಟ್ಟದ್ದನ್ನ ಹಾಳು ಮಾಡಿದೆ ಅಂತ ಹೆದರಿಕೆ. ಅವತ್ತಿಂದ ಇವತ್ತಿನವರೆಗೆ ಬಾಯಿಬಿಟ್ಟಿಲ್ಲ. ಈಗ ಚೌಕಟ್ಟು ಹೋಗಿ ಬಯಲಾಯ್ತು. ಅಂಗಡಿಗೆ ಕೊಡೋಣ ಅಂದ್ರೆ, ನಿನ್ನ ಕೈಯಿಂದ ಆದದ್ದು, ಇನ್ನೊಬ್ಬರ ಕೈಗೆ ಕೊಡೋಕೆ ಮನಸ್ಸು ಬರಲಿಲ್ಲ."

ಅವನು ಅಕ್ಕನ ಎರಡು ಕೈಗಳನ್ನೂ ಹಿಡಿದುಕೊಂಡು ಕುರ್ಚಿಯಲ್ಲಿ ಕೂರಿಸಿದ. ಹೈಪೋ ಉಪ್ಪುನೀರಿಗೆ ಸಿಹಿನೀರಿಗಿಂತ ಬೇಗ ಬಿಟ್ಟುಕೊಡುತ್ತದೆ, ಹಡಗಿನಲ್ಲಿ ಕೆಲಸ ಮಾಡಿದ ಹಳೆಯ ಫೋಟೋಗ್ರಾಫರುಗಳು ಸಮುದ್ರದ ನೀರಲ್ಲೇ ಫೋಟೋ ತೊಳೆಯುತ್ತಿದ್ದರು, ಕೊನೆಗೊಂದು ಸಲ ಸಿಹಿನೀರು, ಅಷ್ಟೇ. ಇದನ್ನು ಅವನು ಮಾಲೀಕರಿಂದ ಬೈಸಿಕೊಂಡು ಕಲಿತಿದ್ದ. ಈ ಹೆಂಗಸು ಬಕೆಟ್ಟಿನ ಮುಂದೆ ಕೂತು, ಕಣ್ಣೀರು ಹಾಕುತ್ತ, ತಪ್ಪು ಮಾಡುತ್ತಿದ್ದೇನೆಂದು ಹೆದರುತ್ತ, ಎಲ್ಲವನ್ನೂ ಸರಿಯಾಗಿ ಮಾಡಿದ್ದಳು. ತಡವರಿಸುತ್ತ ಅದನ್ನು ಹೇಳಿದ. ಬೀರುವಿನ ಮೇಲಿನ ಪೊಟ್ಟಣದ ಸಂಗತಿಯನ್ನೂ ಹೇಳಿದ. ಹತ್ತು ನಿಮಿಷ ಎಂದ, ಸಿನಿಮಾ ಎಂದ, ಬಾಲ್ಕನಿಯಲ್ಲಿ ಕೂತು ನಕ್ಕೆ ಎಂದ. ಭಾವ ಎಲ್ಲ ಕೇಳಿ, "ಅಂದ್ರೆ ಕಸುಬಿನವನು ತೊಳೆಯದೆ ಕೆಡಿಸಿದ, ಕಸುಬು ಗೊತ್ತಿಲ್ಲದವಳು ತೊಳೆದು ಉಳಿಸಿದಳು. ಇವಳ ತೊಳೆಯೋ ಹುಚ್ಚಿಗೆ ನಾನು ಬೈಯದ ದಿನ ಇಲ್ಲ, ಇವತ್ತಿಂದ ಬಾಯಿ ಮುಚ್ಚಿದೆ," ಎಂದ.

"ಹತ್ತೇ ನಿಮಿಷಕ್ಕೆ ಯಾಕೆ ತೆಗೆದೆ?" ಎಂದು ಅಕ್ಕ ಕೇಳಿದಳು. ಗದರಿಕೆಯಿರಲಿಲ್ಲ, ಬರೀ ಕೇಳಿದಳು. ಸಿನಿಮಾಕ್ಕೆ ಹೊತ್ತಾಗಿತ್ತು ಎಂದು ಹೇಳಲು ಬಾಯಿ ತೆರೆದ. ಬೇರೆ ಮಾತು ಬಂತು. "ಎರಡು ಮುಖ ಇತ್ತು ಅಕ್ಕ, ತೊಟ್ಟೀಲಿ. ನೀರಿನ ಕೆಳಗೆ. ನಲ್ಲಿ ನೀರಿಗೆ ಒಂದರ ಮೇಲೊಂದು ಬಂದು ತಿರುಗ್ತಿತ್ತು. ಬಾಯಿ ಮೇಲೆ ನೀರು, ಕಣ್ಣಿನ ಮೇಲೆ ನೀರು. ಅವಳು ನಗ್ತಾನೇ ಇದ್ದಳು. ಒಂದು ಗಂಟೆ ಅಲ್ಲಿ ನಿಂತು ನೋಡೋಕೆ ನನ್ನಿಂದ ಆಗ್ಲಿಲ್ಲ." ಇದು ಇಷ್ಟು ವರ್ಷ ತನ್ನೊಳಗೆ ಇತ್ತೆಂದು ಅವನಿಗೇ ಗೊತ್ತಿರಲಿಲ್ಲ. ಹೆದರಿ ಓಡಿದವನು ಹೋಗಿ ಸಿನಿಮಾ ಮಂದಿರ ಸೇರಿದ್ದ, ಅಷ್ಟೆ. ತಾನು ಕಲ್ಲೆದೆಯವನೆಂದು ಅಲ್ಲಿಂದ ಇಲ್ಲಿಯವರೆಗೆ ನಂಬಿಕೊಂಡು ಬಂದದ್ದು ನೆನೆದು ಅವನಿಗೆ ಆ ಇಪ್ಪತ್ತೊಂಬತ್ತರ ಹುಡುಗನ ಮೇಲೆ ಮೊದಲ ಬಾರಿ ಅಯ್ಯೋ ಅನ್ನಿಸಿತು. ಅಕ್ಕ ಅವನ ತಲೆಯ ಮೇಲೆ ಕೈಯಿಟ್ಟಳು. ಕೂದಲಿಲ್ಲದ ಜಾಗದಲ್ಲಿ ಅವಳ ಅಂಗೈ ಬೆಚ್ಚಗಿತ್ತು.

"ಅದಕ್ಕಾ ನೀನು ಈ ಮನೆಗೆ ಕಾಲಿಡ್ತಿರಲಿಲ್ಲ?" ಎಂದಳು. "ಅದಕ್ಕೇ." "ಬರೀ ಅದಕ್ಕಾ?" "ಇನ್ನೇನಿರುತ್ತೆ?" ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ನೀನು ತಡವಾಗಿ ಬಂದ ಸಿಟ್ಟಿಗೆ ನಾನು ಅವತ್ತು ಆಸ್ಪತ್ರೆಲಿ ಅಂದದ್ದಕ್ಕೆ ಅಂದ್ಕೊಂಡಿದ್ದೆ," ಎಂದಳು. "ಏನಂದಿದ್ದೆ?" ಎಂದ ಅವನು. ಅವಳು ತಲೆಯೆತ್ತಿದಳು. ಅವನು ನೆನಪು ಮಾಡಿಕೊಳ್ಳಲು ನಿಜವಾಗಿಯೂ ಪ್ರಯತ್ನಪಟ್ಟ. ಒದ್ದೆ ನೆಲ ಇತ್ತು, ಒರೆಸುವವಳ ಮಾತಿತ್ತು, ಕಾರಿಡಾರಿನ ತುದಿಯಲ್ಲಿ ಅಕ್ಕನ ಅರ್ಧ ಬಿಚ್ಚಿದ ಜಡೆಯಿತ್ತು. ಅವಳ ಬಾಯಿಂದ ಬಂದದ್ದೇನೂ ಅಲ್ಲಿರಲಿಲ್ಲ. "ಸುಳ್ಳು ಹೇಳ್ಬೇಡ," ಎಂದಳು. "ಅಮ್ಮನ ಮುಂದೆ ಕೂತು ಸುಳ್ಳು ಹೇಳ್ತೀನಾ? ಏನಂದೆ, ಹೇಳು." "ನಿಜವಾಗ್ಲೂ ನೆನಪಿಲ್ವಾ?" "ಇಲ್ಲ ಅಂದ್ನಲ್ಲ." ಅಕ್ಕ ಅವನ ಮುಖವನ್ನೇ ನೋಡಿದಳು, ತುಂಬ ಹೊತ್ತು. ಆಮೇಲೆ ಗಂಡನ ಕಡೆ ತಿರುಗಿ, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಬಾಯಿತುಂಬ ನಗುತ್ತ, "ಕೇಳಿದ್ರಾ? ಈ ಮುಂಡೇದಕ್ಕೋಸ್ಕರ ಇಪ್ಪತ್ತೇಳು ವರ್ಷ ನಿದ್ದೆಗೆಟ್ಟೆ. ಇವನಿಗೆ ನೆನಪೇ ಇಲ್ಲವಂತೆ!" ಎಂದಳು.

"ನನಗೆ ನೆನಪಿದೆ. ಹೇಳ್ಲಾ?" ಎಂದ ಭಾವ.

"ನೀವು ಬಾಯಿ ಮುಚ್ಕೊಂಡಿರಿ!"

ಅವನು ಇನ್ನೂ ನಗುತ್ತಲೇ ಮನೆಗೆ ಫೋನು ಮಾಡಿ, ಇವತ್ತು ಬರುವುದಿಲ್ಲ, ನಾಳೆಯೂ ಬರುತ್ತೇನೋ ಇಲ್ಲವೋ, ಅಕ್ಕನ ಮನೆಯಲ್ಲೇ ಇರುತ್ತೇನೆ ಎಂದ. ಆ ಕಡೆಯಿಂದ ಹೆಂಡತಿ, "ಎಲ್ಲಿ ಇರ್ತೀರಿ ಅಂದ್ರಿ? ಇನ್ನೊಂದು ಸಲ ಹೇಳಿ," ಎಂದಳು. ಅವನು ಇನ್ನೊಂದು ಸಲ ಹೇಳಿದ.